ಹೈಸ್ಕೂಲ್ ಮಕ್ಕಳ ಸಂಖ್ಯಾಶಾಸ್ತ್ರ ಸ್ಪರ್ಧೆ: ಮಳೆ ಪುಸ್ತಕದಿಂದ ಪೋಸ್ಟರ್‌ವರೆಗೆ

ಹಳೆಯ ಕಾಫಿ ತೋಟಗಳಲ್ಲಿ ಮಳೆ ಪುಸ್ತಕ ಅಂತ ಒಂದಿರುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ದಿನಾ ಬೆಳಿಗ್ಗೆ ಮಳೆಮಾಪಕದ ನೀರು ಅಳೆದು ಇಂಚು-ಸೆಂಟ್ಸ್ ಲೆಕ್ಕದಲ್ಲಿ ಬರೆದಿಟ್ಟ ಪುಸ್ತಕ. ಕೆಲವು ಮನೆಗಳಲ್ಲಿ ತಾತನ ಇಂಕ್‌ಪೆನ್ನಿನಿಂದ ಶುರುವಾಗಿ ಮೊಮ್ಮಗನ ಬಾಲ್‌ಪೆನ್ನಿನವರೆಗೆ ಬಂದಿರುತ್ತದೆ. ನಾನು ಸಕಲೇಶಪುರ ಕಡೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮೊದಲ ಸಲ ಮಕ್ಕಳನ್ನು ಸಂಖ್ಯಾಶಾಸ್ತ್ರದ ಸ್ಪರ್ಧೆಗೆ ತಯಾರು ಮಾಡಿದಾಗ ನಮ್ಮ ಹತ್ತಿರ ಇದ್ದದ್ದು ಇಂಥದ್ದೇ ಒಂದು ಪುಸ್ತಕ, ನಾಲ್ಕು ಗ್ರಾಫ್ ಶೀಟು, ಒಂದು ಕ್ಯಾಲ್ಕುಲೇಟರ್. ಅಷ್ಟು ಸಾಕು. ನಿಜವಾಗಿಯೂ ಸಾಕು. ಆದರೆ ಆ ಪುಸ್ತಕವನ್ನು ಹೇಗೆ ಓದಬೇಕು ಅಂತ ಗೊತ್ತಿಲ್ಲದೆ ನಾವು ಆ ಸಲ ಎಡವಿದೆವು. ಅದನ್ನು ಮುಂದೆ ಹೇಳುತ್ತೇನೆ.

ಯಾವ ಸ್ಪರ್ಧೆ ಅಂತ ಮೊದಲು ತಿಳಿದುಕೊಳ್ಳಿ

ಎರಡು ಥರದ ಸ್ಪರ್ಧೆಗಳಿವೆ. ಒಂದರಲ್ಲಿ ಪ್ರಶ್ನೆ ಕೊಟ್ಟು ಉತ್ತರ ಬರೆಸುತ್ತಾರೆ, ಕ್ವಿಜ್ ಅಥವಾ ಒಲಿಂಪಿಯಾಡ್ ರೀತಿ. ಇನ್ನೊಂದರಲ್ಲಿ ನೀವೇ ಅಂಕಿಅಂಶ ಕೂಡಿಸಿ, ಲೆಕ್ಕ ಹಾಕಿ, ಪೋಸ್ಟರ್ ಅಥವಾ ವರದಿ ಮಾಡಿ ತೋರಿಸಬೇಕು. ನನಗೆ ಎರಡನೆಯದೇ ಇಷ್ಟ. ಹಳ್ಳಿ ಶಾಲೆಯ ಮಕ್ಕಳಿಗೆ ಅಲ್ಲಿ ಪಟ್ಟಣದವರ ಹತ್ತಿರ ಇಲ್ಲದ ಅನುಕೂಲ ಇದೆ. ಎಣಿಸುವುದಕ್ಕೆ ಸುತ್ತಮುತ್ತ ಬೇಕಾದಷ್ಟಿದೆ.

ಅಂತರರಾಷ್ಟ್ರೀಯ ಮಟ್ಟದಲ್ಲಿ ಎಲ್ಲರೂ ಹೇಳುವುದು ಐಎಸ್‌ಎಲ್‌ಪಿ ಪೋಸ್ಟರ್ ಸ್ಪರ್ಧೆ. ಐಎಸ್‌ಎಲ್‌ಪಿ ಅಂದರೆ ಇಂಟರ್‌ನ್ಯಾಷನಲ್ ಸ್ಟ್ಯಾಟಿಸ್ಟಿಕಲ್ ಲಿಟರಸಿ ಪ್ರಾಜೆಕ್ಟ್. ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಮಕ್ಕಳು ತಂಡವಾಗಿ ಭಾಗವಹಿಸುತ್ತಾರೆ, ಒಂದು ತಂಡದಲ್ಲಿ ಹೆಚ್ಚೆಂದರೆ ಐದು ಜನ. ಮೊದಲು ಆಯಾ ದೇಶದೊಳಗೆ ಆಯ್ಕೆ, ಆಮೇಲೆ ಹೊರಗೆ. ಇಲ್ಲಿ ಒಂದು ಗೊಂದಲ ಆಗುತ್ತದೆ, ಎಚ್ಚರ. ಐಎಸ್‌ಐ ಅನ್ನುವ ಹೆಸರು ಎರಡು ಸಂಸ್ಥೆಗಳಿಗಿದೆ. ಈ ಸ್ಪರ್ಧೆಯ ಹಿಂದಿರುವುದು 1885ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್. ನಮ್ಮ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಬೇರೆ. ಅದನ್ನು 1931ರಲ್ಲಿ ಕೋಲ್ಕತ್ತದಲ್ಲಿ ಪಿ.ಸಿ. ಮಹಾಲನೋಬಿಸ್ ಕಟ್ಟಿದರು, ಬೆಂಗಳೂರಿನಲ್ಲೂ ಅದರ ಒಂದು ಕೇಂದ್ರವಿದೆ. ಅವರ ಹುಟ್ಟಿದ ದಿನ ಜೂನ್ 29. ಅದನ್ನೇ 2007ರಿಂದ ದೇಶದಲ್ಲಿ ಸಾಂಖ್ಯಿಕ ದಿನವಾಗಿ ಆಚರಿಸುತ್ತಾರೆ. ಆ ದಿನದ ನೆಪದಲ್ಲಿ ಶಾಲೆಯಲ್ಲೇ ಒಂದು ಚಿಕ್ಕ ಪೋಸ್ಟರ್ ಸ್ಪರ್ಧೆ ಇಟ್ಟುಕೊಂಡರೆ ಅದೇ ಒಳ್ಳೆಯ ರಿಹರ್ಸಲ್.

ಮಕ್ಕಳ ವಿಜ್ಞಾನ ಸಮಾವೇಶವನ್ನೂ ಮರೆಯಬೇಡಿ. 10ರಿಂದ 17 ವರ್ಷದ ಮಕ್ಕಳು ಊರಿನ ಒಂದು ಸಮಸ್ಯೆ ಹಿಡಿದು ಪ್ರಾಜೆಕ್ಟ್ ಮಾಡುವ ವೇದಿಕೆ ಅದು. ಹೆಸರಿನಲ್ಲಿ ವಿಜ್ಞಾನ ಅಂತಿದ್ದರೂ ಅಲ್ಲಿ ಗಟ್ಟಿಯಾಗಿ ನಿಲ್ಲುವ ಪ್ರಾಜೆಕ್ಟುಗಳೆಲ್ಲ ಒಳಗಿನಿಂದ ಸಂಖ್ಯಾಶಾಸ್ತ್ರವೇ. ಯಾವುದಕ್ಕೆ ಹೋದರೂ ಆ ವರ್ಷದ ಸುತ್ತೋಲೆ ತರಿಸಿಕೊಂಡು ವಯಸ್ಸು, ತಂಡದ ಸಂಖ್ಯೆ, ಪೋಸ್ಟರ್ ಅಳತೆ, ಕೊನೇ ದಿನಾಂಕ, ಇವಿಷ್ಟನ್ನು ಗೋಡೆ ಮೇಲೆ ಬರೆದು ಅಂಟಿಸಿ.

ಇನ್ನೊಂದು ಮಾತು. "ಸಾರ್, ಇದೆಲ್ಲ ಹೊರಗಿನವರಿಗೆ ಅಲ್ವಾ" ಅಂತ ಮಕ್ಕಳು ಕೇಳುತ್ತಾರೆ. ಆಗ ನಾನು ಸಿ.ಆರ್. ರಾವ್ ಅವರ ವಿಷಯ ಹೇಳುತ್ತೇನೆ. 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದವರು. 2023ರಲ್ಲಿ, ನೂರಾ ಎರಡನೇ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದರು.

ಪ್ರಶ್ನೆ ಹುಡುಕುವುದು

"ನೀರಿನ ಮಹತ್ವ", "ಮೊಬೈಲ್ ಬಳಕೆ" ಅಂತ ವಿಷಯ ತರುವ ಮಕ್ಕಳೇ ಜಾಸ್ತಿ. ಇವು ಪ್ರಬಂಧದ ತಲೆಬರಹಗಳು. ಪ್ರಶ್ನೆ ಅಂದರೆ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಬೇಕು, ಉತ್ತರ ನಿಮಗೆ ಮೊದಲೇ ಗೊತ್ತಿರಬಾರದು, ಮತ್ತು ಎಣಿಸಿ ಅಥವಾ ಅಳೆದು ಉತ್ತರ ಹೇಳುವಂತಿರಬೇಕು.

ನಮ್ಮ ತಂಡದ ಒಬ್ಬ ಹುಡುಗಿ ತಂದ ಪ್ರಶ್ನೆ ಇವತ್ತಿಗೂ ನನಗೆ ಬಹಳ ಇಷ್ಟ. "ಭರಣಿ ಮಳೆ ಬಂದರೆ ಧರಣಿ ಬೆಳೆ" ಅಂತ ಅವಳ ಅಜ್ಜಿ ಹೇಳುತ್ತಿದ್ದರಂತೆ. "ಸಾರ್, ಅದು ನಿಜಾನಾ ಅಂತ ನಮ್ಮ ತೋಟದ ಮಳೆ ಪುಸ್ತಕದಲ್ಲಿ ನೋಡಬಹುದಾ?" ಅಂದಳು. ನೋಡಬಹುದು. ಆದರೆ ಗಾದೆಯನ್ನು ಹಾಗೇ ಅಳೆಯಲು ಆಗುವುದಿಲ್ಲ, ಒಂದೊಂದು ಪದವನ್ನೂ ಬಿಡಿಸಬೇಕು. ಭರಣಿ ಅಂದರೆ ಯಾವ ದಿನದಿಂದ ಯಾವ ದಿನದವರೆಗೆ? ಸುಮಾರು ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರ. ಮಳೆ "ಬಂದರೆ" ಅಂದರೆ ಎಷ್ಟು? ನಾಲ್ಕು ಹನಿ ಬಿದ್ದರೂ ಬಂತು ಅಂತಲಾ? ನಾವು ಒಂದು ಇಂಚು ಅಂತ ಗೆರೆ ಹಾಕಿಕೊಂಡೆವು. "ಬೆಳೆ"ಯ ಲೆಕ್ಕ ನಮ್ಮ ಹತ್ತಿರ ಇರಲಿಲ್ಲ, ಮಳೆಯ ಲೆಕ್ಕ ಮಾತ್ರ ಇತ್ತು. ಹಾಗಾಗಿ ಪ್ರಶ್ನೆ ಹೀಗೆ ಬದಲಾಯಿತು: ಭರಣಿಯಲ್ಲಿ ಒಂದು ಇಂಚಿಗಿಂತ ಜಾಸ್ತಿ ಮಳೆಯಾದ ವರ್ಷಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯೂ ಜಾಸ್ತಿ ಇತ್ತೇ?

ಈ ಗೆರೆಗಳನ್ನೆಲ್ಲ ಅಂಕಿ ನೋಡುವ ಮೊದಲೇ ಹಾಕಿಕೊಂಡು, ದಿನಾಂಕ ಹಾಕಿ ಬರೆದಿಡಿ. ನೋಡಿದ ಮೇಲೆ ಗೆರೆ ಹಾಕಿದರೆ ಉತ್ತರ ನಮಗೆ ಬೇಕಾದ ಕಡೆಗೆ ಜಾರಿಬಿಡುತ್ತದೆ.

ಬೇರೆ ಪ್ರಶ್ನೆಗಳೂ ಇವೆ. ಹೂ ಮಳೆ ಬಿದ್ದು ಎಷ್ಟನೇ ದಿನಕ್ಕೆ ಕಾಫಿ ಹೂ ಅರಳಿತು, ರೊಬಸ್ಟಾಗೂ ಅರೇಬಿಕಾಗೂ ವ್ಯತ್ಯಾಸ ಇದೆಯೇ? ಅರಸೀಕೆರೆ, ಕಡೂರು ಕಡೆಯವರಾದರೆ ಒಂದು ತೆಂಗಿನ ಮರಕ್ಕೆ ಒಂದು ಕೊಯ್ಲಿನಲ್ಲಿ ಎಷ್ಟು ಕಾಯಿ? ಹಾಸನ ಸುತ್ತಿನವರು ಒಂದು ಆಲೂಗಡ್ಡೆ ಗಿಡ ಕಿತ್ತಾಗ ಎಷ್ಟು ಗೆಡ್ಡೆ, ಎಷ್ಟು ತೂಕ ಅಂತ ನೋಡಬಹುದು. ಬೆಳಿಗ್ಗೆ ಶಾಲೆಗೆ ಬರುವ ಬಸ್ಸು ಎಷ್ಟು ನಿಮಿಷ ತಡ ಅನ್ನುವುದೂ ಒಳ್ಳೆಯ ಪ್ರಶ್ನೆಯೇ.

ಅಂಕಿ ಕೂಡಿಸುವುದು: ಎಲ್ಲಕ್ಕಿಂತ ಜಾಸ್ತಿ ಸಮಯ ಇಲ್ಲಿ ಕೊಡಿ

ಮಳೆ ಪುಸ್ತಕದ ಒಂದು ಪುಟ ಹತ್ತಿರದಿಂದ ನೋಡೋಣ. ಎಡಕ್ಕೆ ತಾರೀಕು, ಬಲಕ್ಕೆ "1-35" ಅಂತ ಬರೆದಿದೆ. ಒಂದು ಇಂಚು ಮೂವತ್ತೈದು ಸೆಂಟ್ಸ್. ನೂರು ಸೆಂಟ್ಸ್‌ಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಹಾಗಾದರೆ 1.35ನ್ನು 25.4ರಿಂದ ಗುಣಿಸಿ, 34.3 ಮಿ.ಮೀ. ನಮ್ಮ ಹುಡುಗನೊಬ್ಬ ಇದನ್ನು 135 ಮಿ.ಮೀ. ಅಂತ ಇಡೀ ತಿಂಗಳು ಬರೆದುಕೊಂಡು ಬಂದಿದ್ದ. ತೋಟದ ರೈಟರ್ ಅಣ್ಣ ನೋಡಿ, "ಇಷ್ಟು ಮಳೆ ಬಂದಿದ್ರೆ ನಮ್ ಲೈನ್ ಮನೆ ಉಳೀತಿತ್ತೇನಪ್ಪ?" ಅಂದಾಗಲೇ ಗೊತ್ತಾಗಿದ್ದು. ಅಂಕಿ ಬರೆದುಕೊಂಡ ಮೇಲೆ ಆ ಕೆಲಸ ಗೊತ್ತಿರುವ ಒಬ್ಬರಿಗೆ ತೋರಿಸಿ. ಹತ್ತು ಸಲ ಕ್ಯಾಲ್ಕುಲೇಟರ್ ಒತ್ತಿದರೂ ಸಿಗದ ತಪ್ಪು ಅವರ ಕಣ್ಣಿಗೆ ಒಂದೇ ನೋಟಕ್ಕೆ ಬೀಳುತ್ತದೆ.

ಎರಡನೇದು, ಸಮಯ. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆಯುತ್ತಾರೆ, ಅದು ಹಿಂದಿನ 24 ಗಂಟೆಯ ಮಳೆ. ತೋಟಗಳಲ್ಲಿ ಕೆಲವರು ಆರೂವರೆಗೆ, ಕೆಲವರು ಏಳಕ್ಕೆ ಅಳೆಯುತ್ತಾರೆ. ಆ ನೀರನ್ನು ಕೆಲವರು ಇವತ್ತಿನ ತಾರೀಕಿಗೆ, ಇನ್ನು ಕೆಲವರು ನಿನ್ನೆಯ ತಾರೀಕಿಗೆ ಬರೆಯುತ್ತಾರೆ. ಎರಡು ತೋಟಗಳ ಪುಸ್ತಕ ಹೋಲಿಸುವಾಗ ಇದನ್ನು ಕೇಳದೇ ಇದ್ದರೆ ಒಂದೇ ಮಳೆ ಎರಡು ದಿನ ಬಂದಂತೆ ಕಾಣುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಹಾಕಿರುವ ಮಳೆಮಾಪಕಗಳ ಅಂಕಿ ಸಿಕ್ಕರೆ ಅದರ ಜೊತೆಗೂ ಹೋಲಿಸಿ ನೋಡಿ.

ಮೂರನೇದು, ಖಾಲಿ ಮನೆ. ನಾವು ಎಡವಿದ್ದು ಇಲ್ಲೇ. ಪುಸ್ತಕದಲ್ಲಿ ಏನೂ ಬರೆಯದ ದಿನಗಳಿದ್ದವು, ನಾವು ಅದನ್ನೆಲ್ಲ ಸೊನ್ನೆ ಅಂತ ತೆಗೆದುಕೊಂಡೆವು. ಸ್ಪರ್ಧೆಯಲ್ಲಿ ಜಡ್ಜ್ ಒಬ್ಬರು ಪೋಸ್ಟರ್ ಮುಂದೆ ನಿಂತು ನಿಧಾನವಾಗಿ ಕೇಳಿದರು: "ಜುಲೈ ತಿಂಗಳಲ್ಲಿ, ಮಲೆನಾಡಿನಲ್ಲಿ, ಸತತ ಮೂರು ದಿನ ಮಳೆಯೇ ಇಲ್ಲ, ನಾಲ್ಕನೇ ದಿನ ಒಂದೇ ಸಲ ಒಂಬತ್ತು ಇಂಚು. ಇದು ಹೇಗಮ್ಮ?" ಮಕ್ಕಳು ಸುಮ್ಮನೆ ನಿಂತರು. ನಾನೂ ಸುಮ್ಮನೆ ನಿಂತೆ. ಊರಿಗೆ ಬಂದು ಕೇಳಿದರೆ, ಆ ಮೂರು ದಿನ ಮನೆಯವರೆಲ್ಲ ಮದುವೆಗೆ ಹೋಗಿದ್ದರು. ನಾಲ್ಕನೇ ದಿನ ಅಳೆದದ್ದು ನಾಲ್ಕು ದಿನದ ನೀರು. ಮಳೆ ಬರಲಿಲ್ಲ ಅನ್ನುವುದು ಬೇರೆ, ಅಳೆಯಲಿಲ್ಲ ಅನ್ನುವುದು ಬೇರೆ. ಅಳೆಯದ ದಿನಕ್ಕೆ ಸೊನ್ನೆ ಹಾಕಬೇಡಿ, "ಅ" ಅಂತ ಗುರುತು ಹಾಕಿ. ಕೂಡಿಕೊಂಡ ಮಳೆಯಾದರೆ ಆ ದಿನಗಳನ್ನು ಸೇರಿಸಿ ಒಟ್ಟು ಲೆಕ್ಕಕ್ಕೆ ಮಾತ್ರ ತೆಗೆದುಕೊಳ್ಳಿ, ದಿನದ ಲೆಕ್ಕಕ್ಕೆ ಬೇಡ.

ಇದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಮಕ್ಕಳಿಗೆ ತೋರಿಸಬೇಕಾದರೆ ಒಂದು ವಾರದ ಲೆಕ್ಕ ಮಾಡಿಸಿ. ಐದು ದಿನ ಅಳೆದಿದ್ದೀರಿ ಅಂತ ಇಟ್ಟುಕೊಳ್ಳಿ: 20, 30, 10, 25, 15 ಮಿ.ಮೀ. ಒಟ್ಟು 100, ಸರಾಸರಿ 20. ಅಳೆಯದ ಎರಡು ದಿನಕ್ಕೆ ಸೊನ್ನೆ ಹಾಕಿ ಏಳರಿಂದ ಭಾಗಿಸಿದರೆ 14.3. ಮಳೆ ಅದೇ, ಸರಾಸರಿ ಮಾತ್ರ ಕುಸಿಯಿತು.

ನಿಮ್ಮದೇ ಮಳೆಮಾಪಕ

ಪುಸ್ತಕ ಸಿಗದಿದ್ದರೆ ನೀವೇ ಅಳೆಯಿರಿ. ಒಂದು ಆಲಿಕೆ, ಒಂದು ಬಾಟಲಿ, ಮಿಲಿಲೀಟರ್ ಗುರುತಿರುವ ಒಂದು ಅಳತೆ ಪಾತ್ರೆ. ಆಲಿಕೆಯ ಬಾಯಿಯ ವ್ಯಾಸ 10 ಸೆಂ.ಮೀ. ಆಗಿದ್ದರೆ ವಿಸ್ತೀರ್ಣ 78.5 ಚದರ ಸೆಂ.ಮೀ. ಬಾಟಲಿಯಲ್ಲಿ 100 ಮಿ.ಲೀ. ನೀರು ಸಿಕ್ಕಿತು ಅನ್ನಿ. 100ನ್ನು 78.5ರಿಂದ ಭಾಗಿಸಿದರೆ 1.27 ಸೆಂ.ಮೀ., ಅಂದರೆ 12.7 ಮಿ.ಮೀ. ತೋಟದ ಭಾಷೆಯಲ್ಲಿ ಐವತ್ತು ಸೆಂಟ್ಸ್. ಬಾಟಲಿ ದಪ್ಪವೋ ಸಣ್ಣವೋ ಲೆಕ್ಕಕ್ಕಿಲ್ಲ, ಆಲಿಕೆಯ ಬಾಯಿ ಮಾತ್ರ ಮುಖ್ಯ. ಈ ಒಂದು ವಿಷಯ ಅರ್ಥವಾದಾಗ ಮಕ್ಕಳ ಮುಖ ನೋಡಬೇಕು.

ಮರದ ಕೆಳಗೆ, ಸೂರಿನ ಪಕ್ಕ ಇಡಬೇಡಿ. ಬಯಲಿನಲ್ಲಿಡಿ, ಅಲುಗಾಡದಂತೆ ಕಲ್ಲು ಕೊಡಿ. ಜೋರು ಮಳೆಗಾಲದಲ್ಲಿ ಬಾಟಲಿ ತುಂಬಿ ಚೆಲ್ಲುತ್ತದೆ, ದೊಡ್ಡದನ್ನೇ ತೆಗೆದುಕೊಳ್ಳಿ. ಯಾರು ಯಾವ ದಿನ ಅಳೆಯುವುದು ಅಂತ ಪಾಳಿ ಬರೆದಿಡಿ, ಭಾನುವಾರಕ್ಕೂ ಸೇರಿಸಿ.

ಜನರನ್ನು ಕೇಳುವುದಾದರೆ

ಗೆಳೆಯರನ್ನಷ್ಟೇ ಕೇಳಿದರೆ ಗೆಳೆಯರ ಉತ್ತರ ಮಾತ್ರ ಸಿಗುತ್ತದೆ. ಹಾಜರಿ ಪುಸ್ತಕದ ಕ್ರಮಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು, ಡಬ್ಬಕ್ಕೆ ಹಾಕಿ ಅಲ್ಲಾಡಿಸಿ, ಕಣ್ಣು ಮುಚ್ಚಿ ತೆಗೆಯಿರಿ. ಬೆಳೆ ಕಟಾವು ಪ್ರಯೋಗ ನೋಡಿದ ಮಕ್ಕಳಿಗೆ ಇದು ಬೇಗ ತಲೆಗೆ ಹೋಗುತ್ತದೆ. ಗದ್ದೆಯಲ್ಲಿ 5 ಮೀಟರ್‌ಗೆ 5 ಮೀಟರ್ ಹಗ್ಗ ಹಿಡಿದು ಅಷ್ಟನ್ನೇ ಕೊಯ್ದು ತೂಗುತ್ತಾರಲ್ಲ, ಅದು. "ಈ ಮೂಲೇಲಿ ಚೆನ್ನಾಗಿ ಬಂದಿದೆ, ಇಲ್ಲಿ ಕುಯ್ಯಿ" ಅಂತ ಯಾರು ಎಷ್ಟೇ ಹೇಳಿದರೂ ಜಾಗವನ್ನು ಲಾಟರಿ ಥರ ಬಂದ ಸಂಖ್ಯೆಯೇ ತೀರ್ಮಾನಿಸಬೇಕು. ಚೆನ್ನಾಗಿರುವ ಮೂಲೆಯನ್ನೇ ಕೊಯ್ದರೆ ಇಡೀ ಹೋಬಳಿಯ ಲೆಕ್ಕ ತಪ್ಪುತ್ತದೆ.

ಕೇಳುವ ಪ್ರಶ್ನೆಯಲ್ಲಿ ಉತ್ತರ ಅಡಗಿರಬಾರದು. "ಮೊಬೈಲಿಂದ ಓದು ಹಾಳಾಗುತ್ತೆ ಅಲ್ವಾ?" ಅಂತ ಕೇಳಿದರೆ ಎಲ್ಲರೂ ಹೌದು ಅಂತಾರೆ. "ನಿನ್ನೆ ಸಂಜೆ ಎಷ್ಟು ನಿಮಿಷ ಮೊಬೈಲ್ ನೋಡಿದೆ?" ಅಂತ ಕೇಳಿ. ಹೆಸರು ಬರೆದುಕೊಳ್ಳಬೇಡಿ. ಮನೆಯ ಆದಾಯ, ಜಾತಿ, ಕಾಯಿಲೆ, ಇವನ್ನು ಕೇಳುವುದೇ ಬೇಡ.

ಲೆಕ್ಕ

ಹತ್ತನೇ ತರಗತಿ ಪುಸ್ತಕದಲ್ಲಿರುವ ಸರಾಸರಿ, ಮಧ್ಯಾಂಕ (ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವುದು), ಬಹುಲಕ (ಎಲ್ಲಕ್ಕಿಂತ ಹೆಚ್ಚು ಸಲ ಬರುವುದು) ಸಾಕು. ಆದರೆ ಯಾವುದನ್ನು ಯಾಕೆ ಅಂತ ಹೇಳಲು ಬರಬೇಕು. ಒಂದು ವಾರದ ಮಳೆ 0, 4, 6, 9, 12, 15, 164 ಮಿ.ಮೀ. ಅಂತ ಇಟ್ಟುಕೊಳ್ಳಿ. ಒಟ್ಟು 210, ಸರಾಸರಿ 30. ಆದರೆ ಏಳರಲ್ಲಿ ಆರು ದಿನ 15 ಅಥವಾ ಅದಕ್ಕಿಂತ ಕಡಿಮೆಯೇ ಬಂದಿದೆ. ಮಧ್ಯಾಂಕ 9. "ಸಾಮಾನ್ಯ ದಿನ ಎಷ್ಟು ಮಳೆ?" ಅಂದರೆ 9 ಹೇಳಿ. "ವಾರಕ್ಕೆ ಒಟ್ಟು ನೀರೆಷ್ಟು?" ಅಂದರೆ ಸರಾಸರಿ ಇಟ್ಟುಕೊಳ್ಳಿ, ಏಳರಿಂದ ಗುಣಿಸಿದರೆ ಒಟ್ಟು ಬರುತ್ತದೆ. 164 ಬಂದ ದಿನವನ್ನು ಮಾತ್ರ "ಜಾಸ್ತಿ ಆಯ್ತು" ಅಂತ ತೆಗೆದುಹಾಕಬೇಡಿ. ಬರೆಯುವಾಗ ತಪ್ಪಾಗಿದೆಯಾ ಅಂತ ಮೂಲ ಪುಸ್ತಕ ನೋಡಿ. ತಪ್ಪಿಲ್ಲದಿದ್ದರೆ ಅದು ನಿಜವಾದ ಮಳೆ, ಇರಲಿ.

ಮಳೆ ಬಂದ ದಿನಗಳನ್ನು ಎಣಿಸುವುದಾದರೆ 2.5 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಬಿದ್ದ ದಿನವನ್ನೇ ಹವಾಮಾನ ಇಲಾಖೆ ಮಳೆ ದಿನ ಅನ್ನುತ್ತದೆ. ಅದನ್ನೇ ಬಳಸಿ.

ಎರಡು ವಿಷಯ ಒಟ್ಟಿಗೆ ಏರಿದರೆ ಒಂದರಿಂದ ಇನ್ನೊಂದು ಆಯಿತು ಅಂತ ಬರೆಯಬೇಡಿ. ನಮ್ಮ ಕಡೆ ಕೊಡೆ ವ್ಯಾಪಾರ ಜೋರಾದ ತಿಂಗಳಲ್ಲೇ ಕಾಲಿಗೆ ಇಂಬಳ (ಜಿಗಣೆ) ಹತ್ತುವುದೂ ಜಾಸ್ತಿ. ಕೊಡೆಯಿಂದ ಇಂಬಳ ಬರುವುದಿಲ್ಲ, ಎರಡಕ್ಕೂ ಮಳೆ ಕಾರಣ. ಈ ಉದಾಹರಣೆ ಒಮ್ಮೆ ಹೇಳಿದರೆ ಮಕ್ಕಳು ಮರೆಯುವುದಿಲ್ಲ.

ಭರಣಿ ಪ್ರಶ್ನೆಗೆ ನಾವು ಮಾಡಿದ್ದು ಬರೀ ನಾಲ್ಕು ಮನೆಯ ಕೋಷ್ಟಕ. ಭರಣಿ ಜಾಸ್ತಿ-ಕಡಿಮೆ ಅಡ್ಡಕ್ಕೆ, ಮುಂಗಾರು ಜಾಸ್ತಿ-ಕಡಿಮೆ ಉದ್ದಕ್ಕೆ, ಪ್ರತಿ ವರ್ಷಕ್ಕೆ ಒಂದೊಂದು ಗೆರೆ. ಸಂಬಂಧವೇನೂ ಎದ್ದು ಕಾಣಲಿಲ್ಲ. ಹುಡುಗಿಗೆ ಬೇಜಾರಾಯಿತು, "ಹಾಗಾದ್ರೆ ಅಜ್ಜಿ ಹೇಳಿದ್ದು ಸುಳ್ಳಾ ಸಾರ್?" ಅಂದಳು. ಹಾಗೂ ಹೇಳಲು ಬರುವುದಿಲ್ಲ. ಗಾದೆ ಬೆಳೆಯ ವಿಷಯ ಹೇಳುತ್ತದೆ, ನಾವು ಅಳೆದದ್ದು ಮಳೆ. ಜೊತೆಗೆ ಒಂದೇ ತೋಟ, ಕೆಲವೇ ವರ್ಷ. ಪೋಸ್ಟರಿನಲ್ಲಿ ಹಾಗೆಯೇ ಬರೆದೆವು.

ಗ್ರಾಫ್ ಮತ್ತು ಪೋಸ್ಟರ್

ತಿಂಗಳು ತಿಂಗಳ ಮಳೆಗೆ ಸ್ತಂಭ ನಕ್ಷೆ, ಕೆಳಗಿನ ಗೆರೆ ಸೊನ್ನೆಯಿಂದಲೇ ಶುರು. ಎರಡು ಊರನ್ನು ಹೋಲಿಸಿದರೆ ಎರಡಕ್ಕೂ ಒಂದೇ ಅಳತೆ. ಸಕಲೇಶಪುರಕ್ಕೆ ಒಂದು ಸ್ಕೇಲು, ಅರಸೀಕೆರೆಗೆ ಇನ್ನೊಂದು ಹಾಕಿದರೆ ಎರಡೂ ಕಡೆ ಒಂದೇ ಮಳೆ ಅಂತ ಕಾಣುತ್ತದೆ. ಉಬ್ಬಿದ ಮೂರು ಆಯಾಮದ ಪೈ ಚಾರ್ಟ್ ಕಂಪ್ಯೂಟರಿನಲ್ಲಿ ಸುಲಭವಾಗಿ ಬರುತ್ತದೆ, ಅದರಲ್ಲಿ ಮುಂದಿನ ತುಂಡು ಸುಮ್ನೆ ದೊಡ್ಡದಾಗಿ ಕಾಣುತ್ತದೆ. ಬಿಟ್ಟುಬಿಡಿ. ಎಕ್ಸೆಲ್, ಗೂಗಲ್ ಶೀಟ್ಸ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಗ್ರಾಫ್ ಶೀಟಿನಲ್ಲಿ ಕೈಯಿಂದ ಬಿಡಿಸಿ.

ಐಎಸ್‌ಎಲ್‌ಪಿ ಪೋಸ್ಟರಿನ ಗರಿಷ್ಠ ಅಳತೆ ಎ1, ಅಂದರೆ 841 ಮಿ.ಮೀ.ಗೆ 594 ಮಿ.ಮೀ. ಎಂಟು ಎ4 ಹಾಳೆ ನೆಲದ ಮೇಲೆ ಜೋಡಿಸಿದರೆ ಅಷ್ಟೇ ಆಗುತ್ತದೆ. ಮೊದಲು ಹಾಗೆ ಜೋಡಿಸಿ, ಯಾವ ಹಾಳೆಯಲ್ಲಿ ಏನು ಅಂತ ಪೆನ್ಸಿಲಿನಲ್ಲಿ ಬರೆದು, ಎದ್ದು ನಿಂತು ಎರಡು ಮೀಟರ್ ದೂರದಿಂದ ನೋಡಿ. ಪ್ರಶ್ನೆ ಓದಲು ಬರಬೇಕು. ಮುಖ್ಯವಾದ ಒಂದು ಗ್ರಾಫ್ ಎದ್ದು ಕಾಣಬೇಕು. ಮಿಕ್ಕದ್ದು ಹತ್ತಿರ ಬಂದವರಿಗೆ. ಅಂಕಿ ಎಲ್ಲಿಂದ ಬಂತು, ಎಷ್ಟು ದಿನ, ಯಾವ ದಿನ ಅಳೆದಿಲ್ಲ, ಇದಕ್ಕೆ ಒಂದು ಮೂಲೆ ಇಡಿ. ಮಿನುಗುವ ಕಾಗದ, ಹೂಬಳ್ಳಿ ಅಂಚು ಬೇಡ. ಆ ಜಾಗ ಗ್ರಾಫಿಗೆ ಬೇಕು.

ಜಡ್ಜ್ ಎದುರು

ಶಾಲೆಯಲ್ಲಿ ಬೇರೆ ವಿಷಯದ ಮೇಷ್ಟ್ರನ್ನು ಕರೆದು ಪ್ರಶ್ನೆ ಕೇಳಿಸಿ. ಕನ್ನಡ ಮೇಷ್ಟ್ರಾದರೆ ಇನ್ನೂ ಒಳ್ಳೆಯದು, ಅರ್ಥವಾಗದ್ದನ್ನು ಅವರು ಬಿಡುವುದಿಲ್ಲ. ಯಾಕೆ ಇಷ್ಟೇ ಜನರನ್ನು ಕೇಳಿದಿರಿ, ಮಧ್ಯಾಂಕ ಯಾಕೆ, ಉತ್ತರ ಬೇರೆ ಊರಿಗೂ ಅನ್ವಯಿಸುತ್ತದೆಯೇ, ಈ ಮೂರು ಪ್ರಶ್ನೆ ಬಂದೇ ಬರುತ್ತವೆ. ತಂಡದ ಎಲ್ಲರಿಗೂ ಉತ್ತರ ಗೊತ್ತಿರಬೇಕು. ಗೊತ್ತಿಲ್ಲದ್ದಕ್ಕೆ "ಅದನ್ನು ನಾವು ಅಳೆದಿಲ್ಲ ಸಾರ್" ಅಂದರೆ ಯಾರೂ ಅಂಕ ಕಳೆಯುವುದಿಲ್ಲ. ಮೂಲ ನೋಟ್‌ಬುಕ್ ಕೈಯಲ್ಲಿರಲಿ, ಕಾಟು ಹೊಡೆದ ಪುಟಗಳ ಸಮೇತ. ಅದನ್ನು ಶುದ್ಧ ಪ್ರತಿ ಮಾಡಬೇಡಿ.

ಪ್ರಶ್ನೆಪತ್ರಿಕೆ ಥರದ ಸ್ಪರ್ಧೆಗಾದರೆ ಪಠ್ಯದ ಸಂಖ್ಯಾಶಾಸ್ತ್ರ, ಸಂಭವನೀಯತೆ ಎರಡೂ ಅಧ್ಯಾಯ ಪೂರ್ತಿ ಮಾಡಿ, ಆಮೇಲೆ ಮೋಸ ಹೋಗುವಂಥ ಲೆಕ್ಕಗಳನ್ನು ಅಭ್ಯಾಸ ಮಾಡಿ. ಎ ವಿಭಾಗದ 20 ಮಕ್ಕಳ ಸರಾಸರಿ 60, ಬಿ ವಿಭಾಗದ 40 ಮಕ್ಕಳ ಸರಾಸರಿ 75. ಒಟ್ಟು ಸರಾಸರಿ 67.5 ಅಂತ ಕೈ ಎತ್ತುವವರೇ ಜಾಸ್ತಿ. 1200 ಮತ್ತು 3000 ಕೂಡಿ, 60ರಿಂದ ಭಾಗಿಸಿ. 70.

ಯಾವಾಗ ಶುರು ಮಾಡುವುದು

ಒಂಬತ್ತನೇ ತರಗತಿಯಲ್ಲಿ. ಹತ್ತಕ್ಕೆ ಬಂದ ಮೇಲೆ ಮನೆಯಲ್ಲೂ ಶಾಲೆಯಲ್ಲೂ ಬಿಡುವು ಕೊಡುವುದಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದ ಎರಡು ವಾರದೊಳಗೆ ಪ್ರಶ್ನೆ, ಮಳೆಗಾಲ ಪೂರ್ತಿ ಅಳತೆ, ದಸರಾ ರಜೆಯಲ್ಲಿ ಲೆಕ್ಕ, ರಜೆ ಮುಗಿದ ಮೇಲೆ ಪೋಸ್ಟರ್. ಕೊನೇ ದಿನಾಂಕ ಬೇರೆಯಾದರೆ ಹಿಂದಕ್ಕೆ ಎಣಿಸಿ, ಅಳತೆಗೆ ಅರ್ಧ ಸಮಯ ಇಟ್ಟುಕೊಂಡು ಉಳಿದದ್ದನ್ನು ಹಂಚಿ.

ಸ್ಪರ್ಧೆ ಮುಗಿದ ಮೇಲೆ ಮಳೆ ಪುಸ್ತಕ ಕೊಟ್ಟವರಿಗೆ ಅದನ್ನು ನೀವೇ ಹೋಗಿ ವಾಪಸ್ ಕೊಡಿ, ಜೊತೆಗೆ ನಿಮ್ಮ ಗ್ರಾಫಿನ ಒಂದು ಜೆರಾಕ್ಸ್. ನಿಮ್ಮದೇ ಅಳತೆಯ ನೋಟ್‌ಬುಕ್ ಶಾಲೆಯ ಬೀರುವಿನಲ್ಲಿರಲಿ. ಮುಂದಿನ ಬ್ಯಾಚಿನವರು ಅದೇ ಜಾಗದಲ್ಲಿ ಅಳತೆ ಮುಂದುವರಿಸುತ್ತಾರೆ. ಮೊದಲ ಪುಟದಲ್ಲಿ ಆಲಿಕೆಯ ವ್ಯಾಸ ಎಷ್ಟು, ಮಾಪಕ ಎಲ್ಲಿಟ್ಟಿದ್ದಿರಿ, ಬೆಳಿಗ್ಗೆ ಎಷ್ಟು ಗಂಟೆಗೆ ಅಳೆಯುತ್ತಿದ್ದಿರಿ, ಇಷ್ಟನ್ನು ಬರೆದಿಡಿ.